ಹೊರಗಿನ ಫಲಕ, ಒಳಗಿನ ಪಾಠ



ತೊಗರಿಯ ಸುಗ್ಗಿಯ ದಿನಗಳಲ್ಲಿ ಬೀದರಿನ ಗಾಂಧಿ ಗಂಜಿಗೆ ಹೋದವರು ಒಂದು ದೃಶ್ಯವನ್ನು ಕಂಡೇ ಇರುತ್ತಾರೆ. ಭಾಲ್ಕಿ, ಔರಾದ ಕಡೆಯಿಂದ ಬಂದ ರೈತ ತನ್ನ ಚೀಲಗಳನ್ನು ಇಳಿಸಿ ನಿಂತಿರುತ್ತಾನೆ. ಅಡತಿ ಅಂಗಡಿಯವರು ಚೀಲದ ಮೇಲೆ ಏನು ಅಚ್ಚಾಗಿದೆ ಎಂದು ನೋಡುವುದಿಲ್ಲ. ಒಳಗೆ ಕೈಹಾಕಿ ಒಂದು ಹಿಡಿ ಕಾಳು ತೆಗೆದು, ಅಂಗೈಯ ಮೇಲೆ ಹರಡಿ, ಹೊಟ್ಟನ್ನು ಊದಿ ನೋಡುತ್ತಾರೆ. ದರದ ಮಾತು ಬರುವುದು ಆಮೇಲೆ. ಆದರೆ ಅದೇ ರೈತ, ಅದೇ ವರ್ತಕ, ನಾವು ನೀವೂ ಸಹ, ಮಗುವನ್ನು ಶಾಲೆಗೆ ಸೇರಿಸುವ ಹೊತ್ತು ಬಂದಾಗ ಒಳಗೆ ಕೈಹಾಕಿ ನೋಡುವುದಿಲ್ಲ; ಹೊರಗಿನ ಫಲಕವನ್ನು ಓದಿ ತೃಪ್ತರಾಗುತ್ತೇವೆ. 'ಆಂಗ್ಲ ಮಾಧ್ಯಮ', 'ಇಂಟರ್‌ನ್ಯಾಷನಲ್', 'ಸ್ಮಾರ್ಟ್ ಕ್ಲಾಸ್' ಎಂಬ ಅಕ್ಷರಗಳು ದೊಡ್ಡದಾಗಿದ್ದಷ್ಟೂ ನಮ್ಮ ನಂಬಿಕೆಯೂ ದೊಡ್ಡದಾಗುತ್ತದೆ.

ನಮ್ಮ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಇಂದು ಶಿಕ್ಷಕ ತರಬೇತಿ ಪಡೆಯುತ್ತಿದ್ದಾರೆ. ಪ್ರಪಂಚದ ಯಾವ ದೇಶದ ಶಿಕ್ಷಣ ಪದ್ಧತಿ ಶ್ರೇಷ್ಠ, ನಾವು ಯಾರನ್ನು ಅನುಸರಿಸಬೇಕು ಎಂಬುದು ಅವರು ಪದೇ ಪದೇ ಕೇಳುವ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರಕ್ಕಾಗಿ ನೇರವಾಗಿ ವಿದೇಶಕ್ಕೆ ಹೊರಡುವ ಮುನ್ನ ಬೀದರಿನಲ್ಲಿಯೇ ಸ್ವಲ್ಪ ನಡೆದಾಡುವುದು ಲೇಸು. ಏಕೆಂದರೆ ಬೇರೆ ದೇಶದ ಉತ್ತಮ ಪದ್ಧತಿಯನ್ನು ತಂದು ಇಲ್ಲಿ ನೆಡುವ ಪ್ರಯತ್ನ ಈ ಊರಿಗೆ ಹೊಸದಲ್ಲ. ಅದಕ್ಕೆ ಐನೂರೈವತ್ತು ವರ್ಷಗಳ ಇತಿಹಾಸವಿದೆ.

ಹಳೆಯ ಊರಿನಲ್ಲಿ ಚೌಬಾರಾ ದಾಟಿ ಕೋಟೆಯ ದಾರಿ ಹಿಡಿದರೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಈತ ಪರ್ಶಿಯಾದ ಗೀಲಾನ್ ಪ್ರಾಂತ್ಯದವನು. 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದು, ತನ್ನ ವಿದ್ವತ್ತು ಮತ್ತು ಪ್ರಾಮಾಣಿಕತೆಗಳಿಂದ ಬಹಮನಿ ರಾಜ್ಯದ ಪ್ರಧಾನಮಂತ್ರಿಯ ಪದವಿಗೇರಿದನು. 1472ರ ಸುಮಾರಿಗೆ ಆತ ಕಟ್ಟಿಸಿದ ಈ ವಿದ್ಯಾಮಂದಿರವು ಅಂದಿನ ಖುರಾಸಾನ್, ಸಮರ್ಕಂದ್ ಪ್ರದೇಶಗಳ ಹೆಸರಾಂತ ಮದರಸಾಗಳ ಮಾದರಿಯದು. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ಸುತ್ತ ಪಾಠದ ಹಜಾರಗಳು ಹಾಗೂ ವಾಸದ ಕೋಣೆಗಳು, ಮುಂಭಾಗದಲ್ಲಿ ಬಣ್ಣದ ಹೆಂಚುಗಳ ಮೇಲೆ ಕುರಾನಿನ ವಾಕ್ಯಗಳು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅಚ್ಚಿನ ಯಂತ್ರ ಭಾರತಕ್ಕೆ ಬರುವುದಕ್ಕೂ ಮುನ್ನ, ಒಂದೊಂದು ಪುಸ್ತಕವನ್ನೂ ಕೈಯಿಂದಲೇ ಬರೆದು ತೆಗೆಯಬೇಕಿದ್ದ ಕಾಲದ ಸಂಖ್ಯೆಯಿದು ಎಂಬುದನ್ನು ನೆನೆಯಿರಿ. ಪರ್ಶಿಯನ್ ಕವಿ ಜಾಮಿಯಂಥವರನ್ನೂ ಗವಾನ ಬೀದರಿಗೆ ಆಹ್ವಾನಿಸಿದ್ದನು. ಜಾಮಿ ಬರಲಿಲ್ಲ, ಆದರೆ ಇತರ ಅನೇಕರು ಸಮುದ್ರ ದಾಟಿ ಬಂದರು.

ಅದರ ಅಂತ್ಯ ನೋವಿನದು. ವಿರೋಧಿಗಳು ಗವಾನನ ಮುದ್ರೆ ಕಾಯುವವನಿಗೆ ಆಮಿಷವೊಡ್ಡಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿ, ಒಡಿಶಾದ ರಾಜನಿಗೆ ಬರೆದಂತೆ ರಾಜದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯನ್ನೂ ನಡೆಸದೆ 1481ರ ಏಪ್ರಿಲ್‌ನಲ್ಲಿ ಆ ವೃದ್ಧನ ತಲೆ ತೆಗೆಸಿದನು. 1657ರಲ್ಲಿ ಔರಂಗಜೇಬನು ಬೀದರನ್ನು ಗೆದ್ದ ಮೇಲೆ ಮದರಸಾದ ಕೋಣೆಗಳಲ್ಲಿ ಸೈನಿಕರು ತಂಗಿದರು, ಮದ್ದುಗುಂಡು ತುಂಬಿದರು. ಆ ಶತಮಾನದ ಕೊನೆಯಲ್ಲಿ ಅದು ಸ್ಫೋಟಿಸಿ ಕಟ್ಟಡದ ಒಂದು ದೊಡ್ಡ ಭಾಗವೇ ಹಾರಿಹೋಯಿತು. ಇಂದು ಉಳಿದಿರುವುದು ಒಂದೇ ಮಿನಾರು.

ಗವಾನನ ಔದಾರ್ಯವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೂ ಮದರಸಾದ ಮುಂದೆ ನಿಂತಾಗಲೆಲ್ಲ ಒಂದು ವಿಚಾರ ಕಾಡುತ್ತದೆ. ಅಂದಿನ ಪ್ರಪಂಚದ ಅತ್ಯುತ್ತಮ ಪದ್ಧತಿಯೇ ಬೀದರಿಗೆ ಬಂದಿತ್ತು. ಪಾಠ ಅರಬ್ಬಿಯಲ್ಲಿ, ಪರ್ಶಿಯನ್‌ನಲ್ಲಿ. ಸುತ್ತಲ ಹಳ್ಳಿಗಳಲ್ಲಿ ಎತ್ತು ಹೊಡೆಯುತ್ತಿದ್ದವನ ಮಾತು ಕನ್ನಡ, ಮರಾಠಿ, ತೆಲುಗು. ಆಶ್ರಯ ಕೊಟ್ಟ ಒಬ್ಬ ಮಂತ್ರಿ ಇಲ್ಲವಾದಾಗ ಆ ವಿದ್ಯೆಯನ್ನು ತಮ್ಮದೆಂದು ಎತ್ತಿ ಹಿಡಿಯುವ ಊರು ಅದರ ಬೆನ್ನಿಗಿರಲಿಲ್ಲ.

ಈಗ ಶತಮಾನಗಳನ್ನು ದಾಟಿ ನಿಜಾಮರ ಕಾಲಕ್ಕೆ ಬರೋಣ. 1948ರ ಸೆಪ್ಟೆಂಬರ್‌ವರೆಗೆ ಬೀದರ್ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಈ ಸಂಸ್ಥಾನವೇ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ, ಭಾರತದಲ್ಲಿ ಮೊತ್ತಮೊದಲ ಬಾರಿಗೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ದೇಶಭಾಷೆಯೊಂದನ್ನು ಬೋಧನ ಮಾಧ್ಯಮವಾಗಿಸಿತು. ಅದಕ್ಕಾಗಿ ಹಿಂದಿನ ವರ್ಷವೇ ಭಾಷಾಂತರ ವಿಭಾಗವೊಂದನ್ನು ತೆರೆದು ವಿಜ್ಞಾನ, ಗಣಿತ, ಇತಿಹಾಸದ ಗ್ರಂಥಗಳನ್ನು ಉರ್ದುವಿಗೆ ತರಿಸಿತು. ಇಂಗ್ಲಿಷಿಲ್ಲದೆ ಉನ್ನತ ವಿದ್ಯೆ ಅಸಾಧ್ಯವೆಂದು ಇಡೀ ದೇಶ ನಂಬಿದ್ದ ದಿನಗಳಲ್ಲಿ ಇದು ನಿಜಕ್ಕೂ ಧೀರ ನಿರ್ಧಾರ. ವಿಪರ್ಯಾಸವೆಂದರೆ, ಸ್ವಂತ ಭಾಷೆಯ ಬೆಲೆಯನ್ನು ಇಷ್ಟು ಚೆನ್ನಾಗಿ ಅರಿತ ಸರ್ಕಾರಕ್ಕೆ ಕನ್ನಡದ ಮಗುವಿಗೂ ಒಂದು ಸ್ವಂತ ಭಾಷೆ ಇದೆಯೆಂಬುದು ಹೊಳೆಯಲಿಲ್ಲ. ಸಂಸ್ಥಾನದಲ್ಲಿ ಉರ್ದು ಮನೆಮಾತಿನವರು ಹತ್ತರಲ್ಲೊಂದು ಪಾಲಿನ ಆಸುಪಾಸು ಇದ್ದರು. ಕೆಳಗಿನ ತರಗತಿಗಳಲ್ಲಿ ಮನೆಮಾತಿಗೆ ಕಾಗದದ ಮೇಲೆ ಅವಕಾಶವಿದ್ದರೂ ಮೇಲೆ ಹೋದಂತೆ ಎಲ್ಲವೂ ಉರ್ದು. ಖಾಸಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಅನುಮತಿ.

ಇಂಥ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಮಾಡಿದ ಕೆಲಸವನ್ನು ಬೀದರ್ ಜಿಲ್ಲೆಯ ಹಿರಿಯರು ಇಂದಿಗೂ ಕಥೆಯಂತೆ ಹೇಳುತ್ತಾರೆ. ಅವರು ಹುಟ್ಟಿದ್ದು ಔರಾದ ಸೀಮೆಯ ಕಮಲನಗರದಲ್ಲಿ. ಅವರ ಶಾಲೆಯ ಹೊರಗೆ ತೂಗುತ್ತಿದ್ದುದು ಉರ್ದು ಫಲಕ. ಒಳಗೆ ನಡೆಯುತ್ತಿದ್ದುದು ಕನ್ನಡ ಪಾಠ! ಅಧಿಕಾರಿಗಳ ಕಣ್ಣಿಗೆ ಫಲಕ, ಮಕ್ಕಳ ಮನಸ್ಸಿಗೆ ಪಾಠ. ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಕಾಳುಕಡಿಯಲ್ಲಿ ಬಡಮಕ್ಕಳಿಗೆ ಊಟ, ವಸತಿ. ಮುಂದೆ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯಾಗಿ ಬೆಳೆದ ಈ ಪರಿಶ್ರಮದಿಂದ ಎಷ್ಟು ಮನೆಗಳಲ್ಲಿ ಮೊದಲ ಅಕ್ಷರಸ್ಥರು ಹುಟ್ಟಿದರೋ! ಅವರು 1999ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಲಿಂಗೈಕ್ಯರಾದರು.

ಇಲ್ಲಿ ಒಂದನ್ನು ಗಮನಿಸಬೇಕು. ಪಟ್ಟದ್ದೇವರ ಹೋರಾಟ ಉರ್ದು ಭಾಷೆಯ ಮೇಲಿನ ದ್ವೇಷವಾಗಿರಲಿಲ್ಲ. ಉರ್ದು ಈ ಮಣ್ಣಿನದೇ ಮಾತು. ಗಾಂಧಿ ಗಂಜಿನಲ್ಲಿ ಅರ್ಧ ಗಂಟೆ ನಿಂತರೆ ಹಮಾಲರು, ದಲಾಲರು, ಟೆಂಪೋದವರು ಒಂದೇ ವಾಕ್ಯದಲ್ಲಿ ಕನ್ನಡ, ದಖನಿ, ಮರಾಠಿಯನ್ನು ಬೆರೆಸಿ ಆಡುವುದು ಕೇಳಿಸುತ್ತದೆ. ಮಗುವಿಗೆ ತಿಳಿಯದ ಭಾಷೆಯಲ್ಲಿ ಕೊಡುವುದು ವಿದ್ಯೆಯೇ ಅಲ್ಲವೆಂಬುದಷ್ಟೇ ಅವರ ನಿಲುವು.

ಇದೇ ನಿಲುವಿನ ಕನ್ನಡಿಯನ್ನು ಹಿಡಿದು ಈಗ ಹೊರದೇಶಗಳನ್ನು ನೋಡೋಣ. ನಮ್ಮಲ್ಲಿ ಫಲಕವು ಬಾಗಿಲ ಮೇಲಿದ್ದು ಮಕ್ಕಳನ್ನು ಕಾಪಾಡಿತು. ಬೇರೆ ಕೆಲವು ದೇಶಗಳಲ್ಲಿ ಅದು ಮಕ್ಕಳ ಕೊರಳಿಗೇ ಬಿದ್ದಿತು. 19ನೆಯ ಶತಮಾನದಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಎಷ್ಟೋ ಶಾಲೆಗಳಲ್ಲಿ, ವೆಲ್ಷ್ ಭಾಷೆಯಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಇನ್ನೊಂದು ಮಗು ಆ ಭಾಷೆಯಾಡಿದರೆ ತುಂಡು ಅದರ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಪೆಟ್ಟು. ಫ್ರಾನ್ಸಿನ ಬ್ರಿಟನಿಯಲ್ಲಿಯೂ ಇದೇ ರೀತಿ. ಜಪಾನ್ ದೇಶವು 1879ರಲ್ಲಿ ಒಕಿನಾವಾ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡ ತರುವಾಯ, ಅಲ್ಲಿನ ಶಾಲೆಗಳಲ್ಲಿಯೂ ಊರ ಮಾತನ್ನಾಡಿದ ಮಕ್ಕಳ ಕೊರಳಿಗೆ ಹಲಗೆ ನೇತುಬಿತ್ತು. ಈ ಶಿಕ್ಷೆಯ ಕ್ರೌರ್ಯ ಪೆಟ್ಟಿನಲ್ಲಿಲ್ಲ. ತಾನು ಪಾರಾಗಬೇಕಾದರೆ ಗೆಳೆಯನ ಮೇಲೆ ಕಣ್ಣಿಟ್ಟು ಹಿಡಿದುಕೊಡಬೇಕು. ಅಲ್ಲಿದೆ ಅದರ ಕ್ರೌರ್ಯ. ಕನ್ನಡವಾಡಿದರೆ ದಂಡ ಕಟ್ಟಿಸಿಕೊಳ್ಳುವ ಶಾಲೆಗಳು ನಮ್ಮ ರಾಜ್ಯದಲ್ಲಿಯೂ ಇದ್ದುವೆಂಬುದನ್ನು ಬಲ್ಲವರು ಈ ಕಥೆಗಳನ್ನು ಕೇಳಿ ಬೆರಗಾಗಲಾರರು.

ಇನ್ನು ಫಿನ್ಲೆಂಡ್. ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳು ಇಂದು ಮೊದಲು ಹೇಳುವ ಹೆಸರು ಇದೇ. ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯ 2000ನೆಯ ಇಸವಿಯ ಫಲಿತಾಂಶ ಬಂದಾಗ ಓದಿನಲ್ಲಿ ಆ ಪುಟ್ಟ ದೇಶ ಮೊದಲ ಸ್ಥಾನದಲ್ಲಿತ್ತು. ಎಲ್ಲ ಕಡೆಯಿಂದ ತಜ್ಞರು ಅಲ್ಲಿಗೆ ಧಾವಿಸಿದರು. ಪುಟ್ಟದೆಂದರೆ ಎಷ್ಟು? ನಮ್ಮಂಥ ಮೂರು ಬೀದರ್ ಜಿಲ್ಲೆಗಳ ಜನ ಸೇರಿದರೆ ಹೆಚ್ಚುಕಡಿಮೆ ಒಂದು ಫಿನ್ಲೆಂಡ್. ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರೂ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವೀಧರರು. ಈ ನಿಯಮ ಜಾರಿಯಾದದ್ದು 1970ರ ದಶಕದ ಕೊನೆಗೆ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಒಂಬತ್ತು ವರ್ಷಗಳ ಶಾಲೆಯನ್ನು 1972ರಿಂದ ತೆರೆಯತೊಡಗಿದಾಗ ರಾಜಧಾನಿಯಿಂದ ಆರಂಭಿಸದೆ, ದೂರದ ಉತ್ತರದ ಹಿಂದುಳಿದ ಲ್ಯಾಪ್‌ಲೆಂಡಿನಿಂದ ಆರಂಭಿಸಿದರು. ನಮ್ಮ ರಾಜ್ಯದ ಸುಧಾರಣೆಗಳು ಬೆಂಗಳೂರಿನಿಂದ ಹೊರಟು ಔರಾದ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತಿರುವುದನ್ನು ಕಂಡ ನಮಗೆ ಇದು ಹೊಟ್ಟೆಕಿಚ್ಚಿನ ಸಂಗತಿ.

ಆದರೆ ಫಿನ್ಲೆಂಡಿನ ಬೇರು ಇನ್ನೂ ಆಳದಲ್ಲಿದೆ. 1809ರವರೆಗೆ ಆ ನಾಡು ಸ್ವೀಡನ್ನಿನ ಅಧೀನ. ಆಮೇಲೆ ರಷ್ಯಾದ ಅಧೀನ. ಆಡಳಿತ, ನ್ಯಾಯಾಲಯ, ಉನ್ನತ ವಿದ್ಯೆ ಎಲ್ಲವೂ ಸ್ವೀಡಿಷ್ ಭಾಷೆಯಲ್ಲಿ. ಫಿನ್ನಿಷ್ ಎಂದರೆ ರೈತರ ಮಾತು. ನಿಜಾಮರ ಬೀದರಿನ ಸ್ಥಿತಿಗೂ ಇದಕ್ಕೂ ಎಷ್ಟು ಸಾಮ್ಯ! ಅಲ್ಲಿ ರೈತನ ಮಾತಿಗೆ ಮೊದಲ ಅಕ್ಷರಮಾಲೆಯನ್ನು 1543ರಲ್ಲಿ ಕೊಟ್ಟವರು ಮಿಕಾಯೆಲ್ ಅಗ್ರಿಕೋಲಾ. ಮುಂದೆ ಬಿಷಪರಾದ ಅವರೇ ಐದು ವರ್ಷಗಳ ತರುವಾಯ ಹೊಸ ಒಡಂಬಡಿಕೆಯನ್ನೂ ಆ ಭಾಷೆಗೆ ತಂದರು. 1686ರ ಸಭಾಕಾನೂನು ಸಾಮಾನ್ಯ ಜನರೂ ಓದಲು ಕಲಿಯಬೇಕೆಂದು ವಿಧಿಸಿತು. ಫಿನ್ನಿಷ್ ಮಾಧ್ಯಮದ ಮೊದಲ ಪ್ರೌಢಶಾಲೆ ಯೂವಾಸ್ಕೂಲಾ ಪಟ್ಟಣದಲ್ಲಿ ಆರಂಭವಾದದ್ದು 1858ರಲ್ಲಿ. ಅದೇ ಪಟ್ಟಣದಲ್ಲಿ 1863ರಲ್ಲಿ ಫಿನ್ನಿಷ್ ಭಾಷೆಯ ಶಿಕ್ಷಕ ತರಬೇತಿ ಶಾಲೆ ತೆರೆಯಿತು. ಅದನ್ನು ಕಟ್ಟಿದ ಊನೊ ಸಿಗ್ನೇಯಸ್ ಒಬ್ಬ ಲುಥರನ್ ಸಭಾಪಾಲಕ. ಶಾಲೆ ತೆರೆಯುವ ಮೊದಲು ಅವರು ಸ್ವೀಡನ್, ಜರ್ಮನಿ, ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳನ್ನು ಸುತ್ತಿ ಅಲ್ಲಲ್ಲಿಯ ಪದ್ಧತಿಗಳನ್ನು ಹೋಲಿಸಿ ನೋಡಿದ್ದರು. ನಮ್ಮ ತರಬೇತಿ ವಿದ್ಯಾರ್ಥಿಗಳು ಇಂದು ಕೇಳುವ ಪ್ರಶ್ನೆಯನ್ನೇ ಹೊತ್ತು ಹೋಗಿದ್ದರೆನ್ನಿ. ಹಿಂದಿರುಗಿದ ಮೇಲೆ ಯಾವುದನ್ನೂ ಹಾಗೆಯೇ ನಕಲು ಮಾಡಲಿಲ್ಲ. ಕಂಡದ್ದನ್ನು ತಮ್ಮ ರೈತರ ಮಾತಿನಲ್ಲಿ, ರೈತರ ಕೈಕಸುಬಿನೊಡನೆ ಬೆಸೆದರು. ಮರಗೆಲಸ, ಹೊಲಿಗೆಗಳು ಶಾಲೆಯ ಪಾಠಗಳಾದುದು ಹೀಗೆ.

ಗವಾನನು ಶ್ರೇಷ್ಠವಾದುದನ್ನು ತಂದನು, ಆದರೆ ಅದು ಊರ ಮಾತಿಗೆ ಇಳಿಯಲಿಲ್ಲ. ಸಿಗ್ನೇಯಸ್ ತಂದುದು ಇಳಿಯಿತು. ಇತ್ತೀಚಿನ ವರ್ಷಗಳಲ್ಲಿ ಫಿನ್ಲೆಂಡಿನ ಪೀಸಾ ಅಂಕಗಳೂ ಕುಸಿದಿವೆ, ಅಲ್ಲಿಯವರೇ ಚಿಂತಾಕ್ರಾಂತರಾಗಿದ್ದಾರೆ. ಆದ್ದರಿಂದ ಫಿನ್ಲೆಂಡನ್ನೂ ಒಂದು ಹೊಸ ಫಲಕವಾಗಿ ಮಾಡಿಕೊಳ್ಳುವುದು ಬೇಡ. ಆದರೆ ಇಂದಿಗೂ ಅಲ್ಲಿ ನೂರಕ್ಕೆ ಐದರಷ್ಟಿರುವ ಸ್ವೀಡಿಷ್ ಮಾತಿನವರಿಗೆ, ಅಂದರೆ ಹಿಂದೆ ಆಳಿದವರ ಭಾಷೆಯವರಿಗೂ, ಅವರದೇ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಈ ಮಾತು ನಮ್ಮ ಔರಾದ, ಭಾಲ್ಕಿಗಳಲ್ಲಿ ವಿಶೇಷವಾಗಿ ಕೇಳಬೇಕಾದದ್ದು. ಗಡಿಯ ಹಳ್ಳಿಗಳಲ್ಲಿ ಮರಾಠಿ ಮನೆಮಾತಿನ ಮಗು ಕನ್ನಡ ತರಗತಿಗೆ ಬಂದು ಕುಳಿತಾಗ, ಒಂದು ಕಾಲಕ್ಕೆ ನಮ್ಮ ಹಿರಿಯರು ಉರ್ದು ತರಗತಿಯಲ್ಲಿ ಕುಳಿತಂತೆಯೇ ಅದಕ್ಕೂ ತೋರಬಹುದಲ್ಲವೇ? ಕನ್ನಡಕ್ಕಾಗಿ ಕೇಳಿದ ನ್ಯಾಯವನ್ನು ಆ ಮಗುವಿಗೆ ಇಲ್ಲವೆನ್ನಲು ನಮ್ಮಿಂದಾಗದು.

ಕ್ರೈಸ್ತರಾದ ನಾವು ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಮಂಗಳೂರಿನಲ್ಲಿ ಹೊರಡಿಸಿದರು. ಕಿಟೆಲರ ನಿಘಂಟು 1894ರಲ್ಲಿ ಮುದ್ರಣಗೊಂಡಿತು. ಪರದೇಶದಿಂದ ಬಂದ ಗುರು ಇಲ್ಲಿಯ ಮಗುವಿನ ಭಾಷೆಯನ್ನು ಕಲಿತದ್ದು ಆ ಪರಂಪರೆಯ ಹಿರಿಮೆ. ಬೀದರಿನಲ್ಲಿಯೂ ಮೆಥೋಡಿಸ್ಟ್ ಮಿಷನ್ನಿನವರು, ಊರ ಶಾಲೆಯ ಕಟ್ಟೆ ಹತ್ತಲು ಅನುಮತಿಯಿಲ್ಲದಿದ್ದ ಕುಟುಂಬಗಳ ಮಕ್ಕಳಿಗೆ ಅಕ್ಷರ ಕಲಿಸಿದರು. ಇಂದು ಸಭೆಗಳು ನಡೆಸುವ ಶಾಲೆಗಳೆಂದರೆ ಜನರ ಬಾಯಲ್ಲಿ 'ಇಂಗ್ಲಿಷ್ ಶಾಲೆ' ಎಂದೇ ಅರ್ಥ. ಈ ಬದಲಾವಣೆಗೆ ಕಾರಣಗಳಿವೆ. ಬಡವರೇ ಇಂಗ್ಲಿಷನ್ನು ಕೇಳುತ್ತಿದ್ದಾರೆ, ಮತ್ತು ಅವರು ಕೇಳುವುದು ತಪ್ಪಲ್ಲ. ಉಳ್ಳವರು ತಮ್ಮ ಮಕ್ಕಳಿಗೆ ಇಂಗ್ಲಿಷ್ ಕೊಡಿಸಿ ಬಡವರಿಗೆ ಮಾತೃಭಾಷೆಯ ಮಹಿಮೆಯನ್ನು ಬೋಧಿಸುವುದು ಅಪ್ರಾಮಾಣಿಕತೆ. ಪ್ರಾಥಮಿಕ ಹಂತದಲ್ಲಿ ಸರ್ಕಾರವು ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿಯೇ ತೀರ್ಪು ನೀಡಿದೆ. ಸಾಧ್ಯವಾದೆಡೆಯೆಲ್ಲ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಈ ಎರಡರ ನಡುವೆ ತಂದೆತಾಯಿಗಳ ಆಯ್ಕೆ ಉಳಿದಿದೆ. ಆ ಆಯ್ಕೆಯನ್ನು ಯಾರೂ ಕಸಿಯಬೇಕಾಗಿಲ್ಲ.

ಆದರೆ ಫಲಕ ಯಾವುದೇ ಇರಲಿ, ಬಾಗಿಲು ಮುಚ್ಚಿದ ಮೇಲೆ ಒಳಗೆ ನಿಲ್ಲುವವರು ಶಿಕ್ಷಕರು. ಭಾಲ್ಕಿಯ ಆ ಶಾಲೆಯಲ್ಲಿ ಕಾನೂನಾಗಲಿ ಪಠ್ಯಕ್ರಮವಾಗಲಿ ಕನ್ನಡವನ್ನು ಕಲಿಸಲಿಲ್ಲ. ಕಲಿಸಿದವರು ಒಳಗಿದ್ದ ಗುರುಗಳು. ಇಂಗ್ಲಿಷ್ ಮಾಧ್ಯಮದ ಒಂದನೆಯ ತರಗತಿಯಲ್ಲಿ ಕಣ್ಣು ಪಿಳಿಪಿಳಿ ಬಿಡುವ ಮಗುವಿಗೆ ಅದರ ಮಾತಿನಲ್ಲೇ ಒಮ್ಮೆ ಬಿಡಿಸಿ ಹೇಳಿ ಆಮೇಲೆ ಇಂಗ್ಲಿಷಿಗೆ ಕರೆದೊಯ್ಯಲು ಯಾವ ಶಿಕ್ಷಕಿಗೂ ವಿದೇಶದ ಮಾದರಿ ಬೇಕಾಗಿಲ್ಲ.

ತರಬೇತಿ ಮುಗಿಸಿ ಈ ವರ್ಷ ಶಾಲೆಗೆ ಕಾಲಿಡಲಿರುವ ನಮ್ಮ ಮನೆಮಕ್ಕಳಿಗೆ ನನ್ನದೊಂದು ಸಣ್ಣ ವಿನಂತಿ. ಮೊದಲ ವಾರ ಹಾಜರಿ ಪುಸ್ತಕದ ಅಂಚಿನಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಆ ಮಗು ಮನೆಯಲ್ಲಿ ಅವ್ವನೊಡನೆ ಯಾವ ಮಾತನ್ನಾಡುತ್ತದೆಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಕನ್ನಡ, ಮರಾಠಿ, ದಖನಿ, ತೆಲುಗು, ಲಂಬಾಣಿ. ಗಾಂಧಿ ಗಂಜಿನ ಸುತ್ತಲಿನ ಶಾಲೆಯಾದರೆ ಒಂದೇ ಕೋಣೆಯಲ್ಲಿ ಈ ಐದೂ ಸಿಕ್ಕರೆ ಆಶ್ಚರ್ಯವಿಲ್ಲ. ಪಾಠ ತಿಳಿಯದೆ ಮಗುವೊಂದು ಸುಮ್ಮನೆ ಕುಳಿತ ದಿನ, ಅದಕ್ಕೆ ಬುದ್ಧಿ ಸಾಲದೆಂದು ಷರಾ ಬರೆಯುವ ಮೊದಲು, ಆ ಪೆನ್ಸಿಲಿನ ಅಕ್ಷರವನ್ನು ಒಮ್ಮೆ ನೋಡಿ.