ಅಪ್ಪನ ರಕ್ತ, ಖರ್ಜೂರ ಮತ್ತು 2550 ಲೀಟರ್ ಮೂತ್ರ

ಅಪ್ಪ ಸಾಗರದಿಂದ ನಮ್ಮ ಸಿಲಿಕಾನ್ ಓಯಸಿಸ್ ಮನೆಗೆ ಬಂದು ನಾಲ್ಕು ತಿಂಗಳಾಯ್ತು. ವಯಸ್ಸು 74. ಹಳೇ ಸಕ್ಕರೆ ಕಾಯಿಲೆ ಕಿಡ್ನಿಯನ್ನು ಮುಕ್ಕಾಲು ಪಾಲು ತಿಂದು ಹಾಕಿದೆ. ಡಯಾಲಿಸಿಸ್ ತನಕ ಹೋಗಿಲ್ಲ, ಆದ್ರೆ ಬಂದಾಗ ಹಿಮೋಗ್ಲೋಬಿನ್ 8.4 ಇತ್ತು. ಲಿಫ್ಟಿನಿಂದ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು.

ವಿಷಯ ತಿಳಿದು ಮೇಲಿನ ಮನೆಯವರು ಒಂದು ಡಬ್ಬಿ ಖರ್ಜೂರ ಕೊಟ್ಟರು, ರಕ್ತ ಹೆಚ್ಚುತ್ತೆ ಅಂತ. ಊರಿಂದ ಚಿಕ್ಕಮ್ಮನ ಫೋನು, "ಬೀಟ್ರೂಟ್ ಜ್ಯೂಸ್ ಕೊಡೋ". ನಾನೂ ಒಂದು ವಾರ ಭಕ್ತಿಯಿಂದ ಎರಡನ್ನೂ ಕೊಟ್ಟೆ. ಡಾಕ್ಟರಿಗೆ ಹೇಳಿದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಕಿಡ್ನಿಗೂ ರಕ್ತಕ್ಕೂ ಏನು ಸಂಬಂಧ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಒಂದು ದೊಡ್ಡ ಕಥೆ.

ಕಿಡ್ನಿ ರೋಗಿಗಳು ಬಿಳಿಚಿಕೊಳ್ಳುತ್ತಾರೆ ಅನ್ನೋದನ್ನು ಲಂಡನ್ನಿನ ರಿಚರ್ಡ್ ಬ್ರೈಟ್ 1836ರಲ್ಲೇ ಬರೆದಿದ್ದ. ಯಾಕೆ ಅಂತ ಗೊತ್ತಿರಲಿಲ್ಲ. 1906ರಲ್ಲಿ ಪ್ಯಾರಿಸ್ಸಿನ ಪಾಲ್ ಕಾರ್ನೋ ಮತ್ತು ಕ್ಲೋಟಿಲ್ಡ್ ಡೆಫ್ಲಾಂಡ್ರ್, ರಕ್ತ ತೆಗೆದ ಮೊಲದ ಸೀರಮ್ಮನ್ನು ಇನ್ನೊಂದು ಮೊಲಕ್ಕೆ ಚುಚ್ಚಿ, ಅದರ ಕೆಂಪು ಕಣ ಹೆಚ್ಚಿತು ಅಂದರು. ಅಂದರೆ ರಕ್ತ ಕಮ್ಮಿಯಾದಾಗ ಮಜ್ಜೆಗೆ "ಮಾಡು" ಅಂತ ಹೇಳೋ ಯಾವುದೋ ದೂತ ಇದ್ದಾನೆ. ಬೇರೆಯವರು ಮಾಡಿ ನೋಡಿದರೆ ಫಲಿತಾಂಶ ಸರಿಯಾಗಿ ಬರಲಿಲ್ಲ, ಜನ ನಂಬಲಿಲ್ಲ. ಆ ದೂತನಿಗೆ ಎರಿಥ್ರೊಪೊಯೆಟಿನ್ ಅಂತ ಹೆಸರು ಬಿದ್ದಿದ್ದು 1948ರಲ್ಲಿ, ಫಿನ್ಲೆಂಡಿನಲ್ಲಿ. ಅವನ ಮನೆ ಕಿಡ್ನಿ ಅಂತ ತೋರಿಸಿದ್ದು 1957ರಲ್ಲಿ, ಶಿಕಾಗೋದ ಜೇಕಬ್‌ಸನ್, ಗೋಲ್ಡ್‌ವಾಸರ್ ತಂಡ. ಕಿಡ್ನಿ ತೆಗೆದ ಇಲಿಗಳಲ್ಲಿ ಈ ದೂತ ಹುಟ್ಟಲೇ ಇಲ್ಲ.

ಯೂಜೀನ್ ಗೋಲ್ಡ್‌ವಾಸರ್ ಅದನ್ನು ಶುದ್ಧವಾಗಿ ಹಿಡಿಯಲು ಹೊರಟರು. ಕೆಲವೇ ತಿಂಗಳ ಕೆಲಸ ಅಂದುಕೊಂಡಿದ್ದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಕುರಿಗಳ ರಕ್ತ ಸೋಸಿ ಸೋಸಿ ಸುಸ್ತಾದರು. ಕೊನೆಗೆ ಜಪಾನಿನ ಕುಮಾಮೊಟೊದ ತಕಾಜಿ ಮಿಯಾಕೆ, ಮಜ್ಜೆ ಸೋತ ರೋಗಿಗಳ 2550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, 1975ರಲ್ಲಿ ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ ಶಿಕಾಗೋಗೆ ತಂದರು! ಅಷ್ಟರಿಂದ 1977ರಲ್ಲಿ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ.

ಅಪ್ಪನಿಗೆ ಇದನ್ನು ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, "ಹಾಗಾದ್ರೆ ನನಗೆ ಚುಚ್ಚೋದು...?" ಅಂದರು. ಅಲ್ಲಪ್ಪ, 1983ರಲ್ಲಿ ಆಮ್ಜೆನ್ ಕಂಪನಿಯ ಫು-ಕುಯೆನ್ ಲಿನ್ ಇದರ ಜೀನ್ ಹಿಡಿದ ಮೇಲೆ ಹ್ಯಾಮ್‌ಸ್ಟರ್ ಅನ್ನೋ ಪ್ರಾಣಿಯ ಜೀವಕೋಶದಲ್ಲಿ ಬೆಳೆಸುತ್ತಾರೆ ಅಂದೆ. ಅದಕ್ಕಿಂತ ಮೂತ್ರವೇ ವಾಸಿ ಅನ್ನೋ ಮುಖ ಮಾಡಿದರು :)

ನಗೋ ವಿಷಯ ಅಲ್ಲ ಬಿಡಿ. 1989ರಲ್ಲಿ ಅಮೆರಿಕದಲ್ಲಿ ಈ ಔಷಧಿಗೆ ಅನುಮತಿ ಸಿಗುವ ಮುಂಚೆ ಡಯಾಲಿಸಿಸ್ ರೋಗಿಗಳಲ್ಲಿ ಎಷ್ಟೋ ಜನ ಬೇರೆಯವರ ರಕ್ತದ ಮೇಲೇ ಬದುಕುತ್ತಿದ್ದರು. ಅದರ ಜೊತೆಗೆ ಹೆಪಟೈಟಿಸ್, ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳೋದು, ಮುಂದೆ ಕಿಡ್ನಿ ಕಸಿಗೂ ತೊಡಕು.

ಅಪ್ಪನಿಗೆ ಮೊದಲು ಕಬ್ಬಿಣದ ಪರೀಕ್ಷೆ ಮಾಡಿ, ಡ್ರಿಪ್ಪಿನಲ್ಲಿ ಕಬ್ಬಿಣ ಕೊಟ್ಟರು. ಇಟ್ಟಿಗೆ ಇಲ್ಲದೆ ಮೇಸ್ತ್ರಿಯನ್ನು ಕರೆದು ಏನು ಪ್ರಯೋಜನ? ಆಮೇಲೆ ಸೂಜಿ ಶುರುವಾಯ್ತು, ಬಿಪಿ ಏರದಂತೆ ಕಣ್ಣಿಟ್ಟುಕೊಂಡು. ಈಗ 10.8. ಗೋಡೆ ಹಿಡಿಯೋದು ನಿಂತಿದೆ, ಸಂಜೆ ಹೊತ್ತು ಕೆಳಗಿನ ಪಾರ್ಕಿಗೂ ಹೋಗುತ್ತಾರೆ.

ನನಗೆ ಆಸೆ ಹತ್ತಿತು. ಇನ್ನೆರಡು ಸೂಜಿ ಹಾಕಿ 14 ಮಾಡಿಬಿಡಿ ಅಂದೆ. ಡಾಕ್ಟರು ಆಗಲ್ಲ ಅಂದರು. ದುಡ್ಡು ಕೊಡೋನು ನಾನು, ಇವರಿಗೇನು ಅಂತ ಸಿಟ್ಟೇ ಬಂತು. ಆದರೆ ಕಥೆಯ ಉಳಿದ ಭಾಗ ಓದಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಇದೇ ಆಸೆ ಡಾಕ್ಟರುಗಳಿಗೂ ಇತ್ತು. ಹೃದ್ರೋಗವಿದ್ದ 1233 ಡಯಾಲಿಸಿಸ್ ರೋಗಿಗಳಲ್ಲಿ ಅರ್ಧ ಜನರ ರಕ್ತವನ್ನು ಆರೋಗ್ಯವಂತರ ಮಟ್ಟಕ್ಕೆ ಏರಿಸಲು ಹೊರಟರು. ಅವರಲ್ಲೇ ಸಾವು ಹೆಚ್ಚು ಕಂಡು 1996ರಲ್ಲಿ ನಿಲ್ಲಿಸಿಬಿಟ್ಟರು. ನಮ್ಮಪ್ಪನಂಥ, ಸಕ್ಕರೆ ಕಾಯಿಲೆ ಇದ್ದು ಡಯಾಲಿಸಿಸ್ ಇಲ್ಲದ ನಾಲ್ಕು ಸಾವಿರ ಜನರ ಮೇಲೆ ನಡೆದ ಟ್ರೀಟ್ ಅನ್ನೋ ಪ್ರಯೋಗದ ವರದಿ 2009ರಲ್ಲಿ ಬಂತು. 13 ಮುಟ್ಟಿಸಲು ಔಷಧಿ ಕೊಟ್ಟ ಗುಂಪಿನಲ್ಲಿ 101 ಜನಕ್ಕೆ ಪಾರ್ಶ್ವವಾಯು, ಇನ್ನೊಂದರಲ್ಲಿ 53. ಅಷ್ಟು ಹೊತ್ತಿಗೆ, 2007ರಲ್ಲೇ, ಅಮೆರಿಕದಲ್ಲಿ ಔಷಧಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂದಾಗಿತ್ತು. 2012ರ ಅಂತರರಾಷ್ಟ್ರೀಯ ಸೂಚಿಯೂ ಸಾಮಾನ್ಯವಾಗಿ 11.5 ದಾಟಿಸಬೇಡಿ ಅಂದಿತು.

ಈಗ ಮಾತ್ರೆಯೂ ಬಂದಿದೆ. 2022ರಲ್ಲಿ ಭಾರತದಲ್ಲಿ ಝೈಡಸ್‌ನ ಡೆಸಿಡುಸ್ಟಾಟ್‌ಗೆ ಅನುಮತಿ ಸಿಕ್ಕಿತು. ದೇಹಕ್ಕೆ ಆಮ್ಲಜನಕ ಕಮ್ಮಿಯಾಗಿದೆ ಅನ್ನೋ ಭ್ರಮೆ ಹುಟ್ಟಿಸಿ, ಆ ದೂತನನ್ನು ಒಳಗಿಂದಲೇ ಎಬ್ಬಿಸೋ ಉಪಾಯ. ಅಪ್ಪನಿಗೆ ಸೂಜಿಯೇ ಒಗ್ಗಿರೋದ್ರಿಂದ ಸದ್ಯಕ್ಕೆ ಬದಲಾಯಿಸೋದು ಬೇಡ ಅಂದಿದ್ದಾರೆ ಡಾಕ್ಟರು.

ಮುಂದಿನ ತಿಂಗಳು ಅಪ್ಪ ಊರಿಗೆ ವಾಪಸ್. ಸೂಜಿ ಮದ್ದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಹೆಪ್ಪುಗಟ್ಟಲೂಬಾರದು. ಬೆಂಗಳೂರಿನಿಂದ ಸಾಗರದ ರಾತ್ರಿ ಬಸ್ಸಿನ ತನಕ ತಣ್ಣಗಿರೋ ಡಬ್ಬಿ ಹುಡುಕುತ್ತಾ ಇದ್ದೀನಿ. ಖರ್ಜೂರದ ಡಬ್ಬಿ ಆಫೀಸಿಗೆ ಹೋಯ್ತು. ಚಿಕ್ಕಮ್ಮನಿಗೆ ಏನು ಹೇಳೋದು ಅನ್ನೋದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.