ಮುಳಬಾಗಿಲು ಪಟ್ಟಣದಲ್ಲಿ ಮನೆಯನ್ನು ಬಾಡಿಗೆಗೆ ಅಥವಾ ಭೋಗ್ಯಕ್ಕೆ ಪಡೆಯುವವರಿಗೆ ಮಾಹಿತಿ

ಮನೆಯನ್ನು ಬಾಡಿಗೆಗೆ ಅಥವಾ ಭೋಗ್ಯಕ್ಕೆ ಪಡೆಯುವ ಸಾರ್ವಜನಿಕರ ತಿಳಿವಳಿಕೆಗಾಗಿ ಕರಾರು ಪತ್ರದ ನೋಂದಣಿಗೆ ಸಂಬಂಧಿಸಿದ ಮುಖ್ಯಾಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಬಾಡಿಗೆ ಮತ್ತು ಭೋಗ್ಯ

ಮುಂಗಡ ನೀಡಿ ಪ್ರತಿ ತಿಂಗಳು ಹಣ ಪಾವತಿಸುವುದು ಬಾಡಿಗೆ. ಇಡಿಗಂಟು ನೀಡಿ, ತಿಂಗಳ ಬಾಡಿಗೆಯಿಲ್ಲದೆ ನಿಗದಿತ ಅವಧಿಗೆ ವಾಸಿಸಿ, ಅವಧಿಯ ಕೊನೆಗೆ ಆ ಗಂಟನ್ನು ಹಿಂಪಡೆಯುವುದು ಭೋಗ್ಯ. ರೂಢಿಯಲ್ಲಿ ಇದನ್ನು ಲೀಸ್ ಎಂದೂ ಕರೆಯುತ್ತಾರೆ. ಬಾಡಿಗೆದಾರರು ಕಳೆದುಕೊಳ್ಳಬಹುದಾದದ್ದು ಕೆಲವು ತಿಂಗಳ ಮುಂಗಡ. ಭೋಗ್ಯದಾರರು ಕಳೆದುಕೊಳ್ಳಬಹುದಾದದ್ದು ಕುಟುಂಬದ ಪೂರ್ಣ ಉಳಿತಾಯ. ಆದುದರಿಂದ ಭೋಗ್ಯದ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ.

2. ನೋಂದಣಿ ಯಾವಾಗ ಕಡ್ಡಾಯ?

ನೋಂದಣಿ ಅಧಿನಿಯಮ, 1908ರ ಕಲಂ 17ರ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆ ಪತ್ರದ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ಆದರೆ ಮೂರು ವರ್ಷಗಳ ಭೋಗ್ಯಕ್ಕೆ ಇಡಿಗಂಟು ನೀಡಿ ಹನ್ನೊಂದು ತಿಂಗಳ ಪತ್ರ ಬರೆಸಿಕೊಂಡಲ್ಲಿ ಉಳಿದ ಅವಧಿಗೆ ಆ ಪತ್ರವು ರಕ್ಷಣೆ ನೀಡುವುದಿಲ್ಲ. ಕಡ್ಡಾಯವಾಗಿದ್ದೂ ನೋಂದಣಿಯಾಗದ ಪತ್ರವನ್ನು ಕಲಂ 49ರ ಮೇರೆಗೆ ಆ ವ್ಯವಹಾರದ ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ.

ಮುದ್ರಾಂಕ ಶುಲ್ಕದ ನಿರ್ಣಯದಲ್ಲಿ ಪತ್ರಕ್ಕೆ ಇಟ್ಟ ಹೆಸರಿಗಿಂತ ಅದರೊಳಗಿನ ಷರತ್ತುಗಳೇ ಮುಖ್ಯ. ಸ್ವಾಧೀನಸಹಿತ ಅಡಮಾನದ ಲಕ್ಷಣವುಳ್ಳ ಪತ್ರಕ್ಕೆ ಅಡಮಾನದ ದರವೇ ಅನ್ವಯಿಸುತ್ತದೆ. ಕಡಿಮೆ ಶುಲ್ಕ ಪಾವತಿಸಿದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಕೊರತೆ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡ ಬೀಳಬಹುದು.

3. ಹಣ ನೀಡುವ ಮೊದಲು ಪರಿಶೀಲಿಸತಕ್ಕ ಅಂಶಗಳು

(ಅ) ನಗರಸಭೆಯ ಖಾತೆ ಹಾಗೂ ತೆರಿಗೆ ರಸೀದಿ ಯಾರ ಹೆಸರಿನಲ್ಲಿವೆ ಎಂಬುದು. ಜಂಟಿ ಖಾತೆಯಿದ್ದಲ್ಲಿ ಎಲ್ಲ ಹಕ್ಕುದಾರರೂ ಸಹಿ ಮಾಡುವುದು ಸೂಕ್ತ.

(ಆ) ಋಣಭಾರ ಪ್ರಮಾಣಪತ್ರ. ನೋಂದಾಯಿತ ವ್ಯವಹಾರಗಳಿದ್ದಲ್ಲಿ ನಮೂನೆ 15ರಲ್ಲಿಯೂ ಇಲ್ಲದಿದ್ದಲ್ಲಿ ನಮೂನೆ 16ರಲ್ಲಿಯೂ ಇದನ್ನು ನೀಡಲಾಗುತ್ತದೆ. ನೋಂದಣಿಯಾಗದ ಸಾಲಗಳು ಇದರಲ್ಲಿ ಕಾಣಿಸುವುದಿಲ್ಲವಾದ್ದರಿಂದ ಮಾಲೀಕರ ಮೂಲ ಕ್ರಯಪತ್ರವನ್ನೂ ನೋಡತಕ್ಕದ್ದು.

(ಇ) ಮನೆಯು ಬ್ಯಾಂಕಿನಲ್ಲಿ ಅಡಮಾನವಾಗಿದ್ದಲ್ಲಿ ಬ್ಯಾಂಕಿನ ಲಿಖಿತ ಒಪ್ಪಿಗೆ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಕಲಂ 65ಎ ಪ್ರಕಾರ ಅಡಮಾನದಲ್ಲಿರುವ ಕಟ್ಟಡವನ್ನು ಮಾಲೀಕರು ಗುತ್ತಿಗೆಗೆ ನೀಡುವಾಗ ಅವಧಿಯು ಮೂರು ವರ್ಷ ಮೀರುವಂತಿಲ್ಲ. ಇಡಿಗಂಟನ್ನಾಗಲಿ ಮುಂಗಡ ಬಾಡಿಗೆಯನ್ನಾಗಲಿ ಪಡೆಯುವಂತಿಲ್ಲ. ಒಪ್ಪಿಗೆಯಿಲ್ಲದೆ ಭೋಗ್ಯ ಪಡೆದವರು ಸಾಲ ವಸೂಲಿಯ ಸಂದರ್ಭದಲ್ಲಿ ಮನೆ ತೆರವು ಮಾಡಬೇಕಾಗಬಹುದು.

4. ಪತ್ರದಲ್ಲಿ ಇರತಕ್ಕ ವಿವರಗಳು

ಉಭಯ ಪಕ್ಷಕಾರರ ಹೆಸರು ಮತ್ತು ವಿಳಾಸ, ಮೊತ್ತ, ಪಾವತಿಯ ವಿಧಾನ, ಅವಧಿ, ಮೊತ್ತ ಹಿಂದಿರುಗಿಸುವ ದಿನಾಂಕ, ಹಾಗೂ ಸ್ವತ್ತಿನ ಚಕ್ಕುಬಂದಿ. ಮಹಡಿಯ ಒಂದು ಭಾಗವನ್ನು ಮಾತ್ರ ಪಡೆದಿದ್ದಲ್ಲಿ ಅದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಮೊತ್ತವನ್ನು ಬ್ಯಾಂಕಿನ ಮೂಲಕ ಪಾವತಿಸುವುದು ಒಳ್ಳೆಯದು. ತೆಲುಗು ಅಥವಾ ಉರ್ದು ಮನೆಮಾತಿನವರು ಪತ್ರವನ್ನು ಓದಿಸಿ, ಅರ್ಥ ತಿಳಿದ ನಂತರವೇ ಸಹಿ ಮಾಡತಕ್ಕದ್ದು.

5. ನೋಂದಣಿಯ ವಿಧಾನ

ಕಾವೇರಿ ಜಾಲತಾಣದಲ್ಲಿ ವಿವರಗಳನ್ನು ದಾಖಲಿಸಿ, ಶುಲ್ಕ ಪಾವತಿಸಿ, ಗೊತ್ತುಪಡಿಸಿದ ದಿನದಂದು ಉಭಯ ಪಕ್ಷಕಾರರು ಗುರುತಿನ ದಾಖಲೆ ಹಾಗೂ ಸಾಕ್ಷಿದಾರರೊಂದಿಗೆ ಉಪನೋಂದಣಾಧಿಕಾರಿಯವರ ಮುಂದೆ ಹಾಜರಾಗತಕ್ಕದ್ದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ಅವಕಾಶ ಕಲ್ಪಿಸಲಾಗಿದೆ. ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ಹಾಜರುಪಡಿಸತಕ್ಕದ್ದು.

6. ಮನೆ ತೆರವು

ಬೇರೆ ಷರತ್ತು ಇಲ್ಲದಿದ್ದಲ್ಲಿ, ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು ಕಲಂ 106ರಂತೆ ಹದಿನೈದು ದಿನಗಳ ಲಿಖಿತ ನೋಟೀಸು ಅಗತ್ಯ. ಭೋಗ್ಯದಾರರು ಮೊತ್ತ ಕೈಸೇರಿದ ದಿನದಂದೇ ಬೀಗದ ಕೈ ಹಸ್ತಾಂತರಿಸುವಂತೆ ಪತ್ರದಲ್ಲಿ ಷರತ್ತು ಹಾಕಿಸುವುದು ಸೂಕ್ತ.

ಸೂಚನೆ: ಮುದ್ರಾಂಕ ಮತ್ತು ನೋಂದಣಿ ಶುಲ್ಕದ ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಪತ್ರ ಬರೆಸುವ ಮೊದಲು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಲು ಕೋರಲಾಗಿದೆ.