'ನಿಮ್ಮ ಸಮುದಾಯ ಯಾವುದು?': ಒಂದು ತಪ್ಪು ಪ್ರಶ್ನೆ, ಹೆಗ್ಗೋಡು ಮತ್ತು ಹತ್ತು ಸಮಸ್ತರು

ಈ ವಾರದ ಎಪಿಸೋಡ್ ಶುರುವಾಗೋದು ನಮ್ಮದೇ ಒಂದು ಎಡವಟ್ಟಿನಿಂದ.

ನಾವು ಆರು ಜನ ಸ್ನೇಹಿತರು ನಮ್ಮ ಏರಿಯಾದಲ್ಲಿ ಒಂದು ಕಲಾ ಪ್ರಾಜೆಕ್ಟ್ ಮಾಡೋಣ ಅಂತ ಹೊರಟಿದ್ದೀವಿ. ಗೋಡೆ ಮೇಲೆ ಚಿತ್ರ, ಒಂದಿಷ್ಟು ಹಾಡು, ಕೊನೆಗೆ ಮೈದಾನದಲ್ಲಿ ಒಂದು ಸಣ್ಣ ನಾಟಕ. ವಿಷಯ ಏನಂದ್ರೆ, ಇಲ್ಲಿರೋ ಜನಕ್ಕೆ ಸಮುದಾಯ ಅಂದ್ರೆ ಏನು? ಮೊದಲ ಹೆಜ್ಜೆಯಾಗಿ ಗೂಗಲ್ ಫಾರ್ಮ್ ಮಾಡಿ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ವಿ. ಫೋನ್ ಬಳಸದವರ ಹತ್ರ ನಾವೇ ಹೋಗಿ ಕೇಳಿದ್ವಿ. ಪ್ರಶ್ನೆ ಸಿಂಪಲ್: 'ನಿಮ್ಮ ಸಮುದಾಯ ಯಾವುದು?'

ಬಂದ ಉತ್ತರ ಹೆಚ್ಚುಕಮ್ಮಿ ಎಲ್ಲವೂ ಜಾತಿಯ ಹೆಸರು. ಕೆಲವರು ಒಳಪಂಗಡವನ್ನೂ ಮರೆಯದೆ ಬರೆದಿದ್ರು. ಮೂಲೆಯಲ್ಲಿ ಹೂ ಮಾರೋ ಅಮ್ಮ ಮಾತ್ರ ನಮ್ಮನ್ನು ಮೇಲಿಂದ ಕೆಳಗೆ ನೋಡಿ, 'ಯಾಕಪ್ಪಾ, ಸಮೀಕ್ಷೆಯೋರಾ ನೀವು?' ಅಂದ್ರು.

ತಪ್ಪು ಅವರದ್ದಲ್ಲ. ಇವತ್ತಿನ ಪೇಪರ್ ತೆಗೆದು ನೋಡಿ, 'ಸಮುದಾಯದ ಮುಖಂಡರು', 'ಸಮುದಾಯ ಭವನ', 'ಸಮುದಾಯಕ್ಕೆ ಟಿಕೆಟ್'. ಜಾತಿ ಅನ್ನೋಕೆ ಸಂಕೋಚ ಆದಾಗ ನಾವು ಸಮುದಾಯ ಅಂತೀವಿ. ಆದ್ರೆ ಐವತ್ತು ವರ್ಷದ ಹಿಂದೆ ಇದೇ ಪದವನ್ನು ಕೆಲವರು ಹೆಚ್ಚುಕಮ್ಮಿ ಉಲ್ಟಾ ಅರ್ಥದಲ್ಲಿ ಎತ್ತಿಕೊಂಡಿದ್ರು.

1975. ತುರ್ತು ಪರಿಸ್ಥಿತಿಯ ವರ್ಷ. ಬೆಂಗಳೂರಲ್ಲಿ ಒಂದು ನಾಟಕ ತಂಡ ಹುಟ್ಟಿಕೊಳ್ತು, ಹೆಸರು 'ಸಮುದಾಯ'. ಮುಂಚೂಣಿಯಲ್ಲಿ ಇದ್ದವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಪ್ರಸನ್ನ. ಅವರ ಜೊತೆ ವಿದ್ಯಾರ್ಥಿಗಳು, ನೌಕರರು, ಲೇಖಕರು. ನಾಟಕವನ್ನು ಟಿಕೆಟ್ ಕೊಂಡು ಬರೋರಿಗೆ ಮಾತ್ರ ಬಿಡಬಾರದು, ಜನ ಇರೋ ಕಡೆ ತಗೊಂಡು ಹೋಗಬೇಕು ಅನ್ನೋದು ಅವರ ಹಟ. 1979ರಲ್ಲಿ ಜಾಥಾ ಹೊರಟು ಊರೂರಲ್ಲಿ ಬೀದಿ ನಾಟಕ ಆಡಿದ್ರು. ಆ ಕಾಲದ ಬೀದಿ ನಾಟಕಗಳಲ್ಲಿ ಜನ ಇವತ್ತಿಗೂ ನೆನೆಯೋದು 'ಬೆಲ್ಚಿ'. ಸಿಜಿಕೆ, ಅಂದ್ರೆ ಸಿ.ಜಿ. ಕೃಷ್ಣಸ್ವಾಮಿ ಅವರ ಹೆಸರಿನ ಜೊತೆ ಅಂಟಿಕೊಂಡಿರೋ ನಾಟಕ ಅದು.

ಬೆಲ್ಚಿ ಬಿಹಾರದ ಒಂದು ಹಳ್ಳಿ. 1977ರ ಮೇ ತಿಂಗಳಲ್ಲಿ ಅಲ್ಲಿ ಭೂಮಾಲೀಕರ ಗುಂಪೊಂದು 11 ಜನರನ್ನು ಕೊಂದು ಬೆಂಕಿಗೆ ಹಾಕ್ತು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಎಲ್ಲೋ ಬಿಹಾರದ ಸುದ್ದಿ, ನಮಗೇನು ಅನ್ನಬಹುದಾಗಿತ್ತು. ಆದ್ರೆ ಅದನ್ನು ಕರ್ನಾಟಕದ ಬೀದಿಯಲ್ಲಿ, ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ ಸುತ್ತ ನಿಂತಿರುವಾಗ ಆಡೋದಿದೆಯಲ್ಲ, ಆಗ ನೋಡುವವರೇ ಪ್ರಶ್ನೆಯೊಳಗೆ ಬಂದುಬಿಡ್ತಾರೆ. ಈ ವೃತ್ತದಲ್ಲಿ ನಿಂತಿರೋ ನಾವೆಲ್ಲ ಒಂದೇನಾ?

ನನಗೆ ಸಮುದಾಯ ತಂಡದ ಬಗ್ಗೆ ಗೌರವ ಇದೆ. ಆದರೆ ಒಂದು ತಕರಾರೂ ಇದೆ. ಜಾಥಾ ಬರುತ್ತೆ, ಆಡುತ್ತೆ, ಮುಂದಿನ ಊರಿಗೆ ಹೋಗುತ್ತೆ. ಬೆಳಗ್ಗೆ ಎದ್ದು ಅದೇ ಬಾವಿ, ಅದೇ ಗದ್ದೆ, ಅದೇ ಗೌಡರ ಮುಖ ನೋಡಬೇಕಾದವರು ಊರಿನವರು. ನಮ್ಮಂಥ ಪ್ರಾಜೆಕ್ಟಿನವರಿಗೆ ಇದು ದೊಡ್ಡ ಪ್ರಶ್ನೆ. ಹೋಗೋಕಲ್ಲ, ಇರೋಕೆ ಏನು ಮಾಡಬೇಕು?

ಅದಕ್ಕೆ ಹೆಗ್ಗೋಡಿಗೆ ಬರೋಣ.

ಶಿವಮೊಗ್ಗ ಜಿಲ್ಲೆ ಸಾಗರ ಪೇಟೆಯಿಂದ ಸ್ವಲ್ಪ ದೂರ. ಅಡಿಕೆ ತೋಟ, ಮಳೆ, ಚದುರಿದ ಮನೆಗಳು. 1949ರಲ್ಲಿ ಊರಿನ ಒಂದಷ್ಟು ಜನ ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ ಕಟ್ಟಿದ್ರು. ನೀಲಕಂಠೇಶ್ವರ, ನಾಟ್ಯ, ಸಂಘ ಈ ಮೂರು ಪದದ ಮೊದಲಕ್ಷರ ಸೇರಿಸಿದ್ರೆ ನೀನಾಸಂ. ಹೌದು, ನಿಮ್ಮ ಅರ್ಧ ಸಿನಿಮಾ ನಟರ ಇಂಟರ್‌ವ್ಯೂನಲ್ಲಿ ಬರೋ ಅದೇ ನೀನಾಸಂ. ಶುರುವಿಗೆ ಅದು ಬೇರೆ ಸಾವಿರ ಊರುಗಳಲ್ಲಿ ಇದ್ದಂಥ ಹವ್ಯಾಸಿ ನಾಟಕದ ಸಂಘವೇ. ಅಡಿಕೆ ಕೊಯ್ಲು ಮುಗಿದ ಮೇಲೆ ಬಣ್ಣ ಹಚ್ಚಿಕೊಳ್ಳೋರ ಸಂಘ.

ಅದಕ್ಕೆ ಬೇರೆ ದಿಕ್ಕು ಕೊಟ್ಟವರು ಕೆ.ವಿ. ಸುಬ್ಬಣ್ಣ. ಹುಟ್ಟಿದ್ದು 1932ರಲ್ಲಿ. ಮೈಸೂರಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ ಉಳಿಯಬಹುದಾಗಿದ್ದವರು ವಾಪಸ್ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡ್ರು. ಜೊತೆಗೆ ಅಕ್ಷರ ಪ್ರಕಾಶನ, ನಾಟಕ, 70ರ ದಶಕದಲ್ಲಿ ಒಂದು ಫಿಲ್ಮ್ ಸೊಸೈಟಿ. ಹಳ್ಳಿಯವರ ಮುಂದೆ ಅವರು ಸತ್ಯಜಿತ್ ರೇ ಸಿನಿಮಾ ಹಾಕಿದ್ರು, 'ಬೈಸಿಕಲ್ ಥೀವ್ಸ್' ಹಾಕಿದ್ರು. ಭಾಷೆ ಬಂಗಾಳಿ, ಇಟಾಲಿಯನ್. ನಮ್ಮ ಪಟ್ಟಣದ ತಲೆ ತಕ್ಷಣ ಹೇಳುತ್ತೆ, 'ಹಳ್ಳಿಯವರಿಗೆ ಇದೆಲ್ಲ ಅರ್ಥ ಆಗುತ್ತಾ?' ಕಳೆದ ಸೈಕಲ್ಲಿಗಾಗಿ ಮಗನ ಕೈ ಹಿಡಿದು ಬೀದಿ ಬೀದಿ ಅಲೆಯೋ ಅಪ್ಪನನ್ನು ಅರ್ಥ ಮಾಡ್ಕೊಳ್ಳೋಕೆ ಇಟಾಲಿಯನ್ ಯಾಕೆ ಬೇಕು ಹೇಳಿ?

1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1983ರ ಹೊತ್ತಿಗೆ 'ಜನಸ್ಪಂದನ' ಅನ್ನೋ ಯೋಜನೆ. ಇದಕ್ಕೆ ಫೋರ್ಡ್ ಫೌಂಡೇಶನ್ನಿನ ದುಡ್ಡು ಇತ್ತು. ಅಮೆರಿಕದ ದುಡ್ಡಲ್ಲಿ ಜನಪರ ಕಲೆ ಹೇಗೆ ಸಾಧ್ಯ ಅನ್ನೋ ಸಿಟ್ಟಿನ ಮಾತು ಆಗಲೂ ಇತ್ತು, ಅದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಈ ಅವಧಿಯಲ್ಲಿ ನೀನಾಸಂನವರು ತಮ್ಮ ಊರು ಬಿಟ್ಟು ಬೇರೆ ಬೇರೆ ಊರಿಗೆ ಹೋಗಿ, ಅಲ್ಲಿನ ಜನರನ್ನೇ ಸೇರಿಸಿ ಶಿಬಿರ ಮಾಡಿದ್ರು, ನಾಟಕ ಕಟ್ಟಿದ್ರು. ಸಿದ್ದಿಗಳ ಜೊತೆ ನಾಟಕ ಮಾಡಿದ್ದೂ ಈ ಓಡಾಟದ ಕಾಲದಲ್ಲೇ. ನಾನು ಈ ಎಪಿಸೋಡ್ ಮಾಡೋಕೆ ಕಾರಣವೇ ಆ ನಾಟಕ.

ಉತ್ತರ ಕನ್ನಡದ ಯಲ್ಲಾಪುರದ ಹತ್ರ ಮಂಚೀಕೇರಿ. ಸುತ್ತಲಿನ ಕಾಡಿನಲ್ಲಿ ಸಿದ್ದಿಗಳು ಇದ್ದಾರೆ. ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಕರೆತಂದವರ, ಬಹಳ ಜನರನ್ನು ಗುಲಾಮರಾಗಿ ತಂದವರ ಸಂತಾನ. ಈಗ ಮನೆಯಲ್ಲಿ ಆಡೋದು ಕೊಂಕಣಿ, ಕನ್ನಡ. ಕೆಲವರು ಹಿಂದೂ, ಕೆಲವರು ಮುಸ್ಲಿಂ, ಕೆಲವರು ಕ್ರೈಸ್ತ, ಆದರೂ ಎಲ್ಲರೂ ಸಿದ್ದಿ. ನಮ್ಮ ಗೂಗಲ್ ಫಾರ್ಮಿನಲ್ಲಿ ಇವರು ಯಾವ ಬಾಕ್ಸ್ ಟಿಕ್ ಮಾಡ್ತಿದ್ರು, ಯೋಚಿಸಿ.

ನೀನಾಸಂನ ಚಿದಂಬರರಾವ್ ಜಂಬೆ ಅಲ್ಲಿ ಹೋಗಿ ಸಿದ್ದಿಗಳನ್ನೇ ನಟರನ್ನಾಗಿ ಮಾಡಿಕೊಂಡು ನಾಟಕ ಕಟ್ಟಿದ್ರು. ಆರಿಸಿಕೊಂಡಿದ್ದು ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'. ಅದರ ಕಥೆಯಲ್ಲಿ ಒಂದು ಊರು ತನ್ನದೇ ದೇವರು, ತನ್ನದೇ ನ್ಯಾಯ, ತನ್ನದೇ ಕ್ರೌರ್ಯ ಇಟ್ಕೊಂಡು ಬದುಕ್ತಿರುತ್ತೆ. ಬಿಳಿಯರು ಬರ್ತಾರೆ, ಮೊದಲು ಚರ್ಚು, ಆಮೇಲೆ ಕೋರ್ಟು, ಊರು ಒಳಗಿಂದ ಬಿರುಕು ಬಿಡುತ್ತೆ. ಆಫ್ರಿಕಾದ ಕಥೆ, ಆಫ್ರಿಕಾದಿಂದ ಬಂದು ಅದನ್ನು ಮರೆತ ಜನರ ಬಾಯಲ್ಲಿ, ಕನ್ನಡದಲ್ಲಿ.

ಇದು ಬರೀ ರೊಮ್ಯಾಂಟಿಕ್ ಐಡಿಯಾ ಅಂತ ನನಗೂ ಮೊದಲು ಅನಿಸ್ತು. ಹೊರಗಿನವರು ಬಂದು, 'ನೀವು ಆಫ್ರಿಕಾದವರು, ಇಗೋ ನಿಮ್ಮ ಕಥೆ' ಅಂತ ಹೇಳೋದು ಎಷ್ಟು ಸರಿ? ಅವರು ಅಚಿಬೆಯನ್ನು ಕೇಳಿರಲಿಲ್ಲ. ಅವರ ಕಥೆ ಯಲ್ಲಾಪುರದ ಕಾಡಿನದ್ದೂ ಅಲ್ವಾ, ಭೂಮಾಲೀಕರ ತೋಟದ ಕೂಲಿಯದ್ದೂ ಅಲ್ವಾ? ಈ ಅನುಮಾನ ನನಗೆ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿ. ಪೇಟೆಗೆ ಬಂದಾಗ ಗುಂಗುರು ಕೂದಲು ನೋಡಿ ಜನ ನಗ್ತಿದ್ದ ಕಾಲ. ಅದೇ ಕೂದಲು, ಅದೇ ಮೈಬಣ್ಣ ಇಟ್ಕೊಂಡು ವೇದಿಕೆ ಮೇಲೆ ನಿಂತಾಗ ಅದೇ ಪೇಟೆಯವರು ಕೂತು, ಬಾಯಿ ಮುಚ್ಕೊಂಡು ನೋಡಬೇಕಾಯ್ತು. ಆಮೇಲೆ ಸಿದ್ದಿಗಳಿಂದ ನಟ ನಟಿಯರು ಬಂದ್ರು. 'ಪರಮಾತ್ಮ' ಸಿನಿಮಾದಲ್ಲಿ ನೀವು ನೋಡಿರೋ ಪ್ರಶಾಂತ್ ಸಿದ್ದಿ ನೀನಾಸಂನಲ್ಲಿ ಕಲಿತವರು. ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ನಾಟಕದಿಂದ ಅದಾಯ್ತು ಅಂತ ನಾನು ಹೇಳ್ತಿಲ್ಲ, ಅದಕ್ಕೆ ಸಿದ್ದಿಗಳದ್ದೇ ಹೋರಾಟ ಇದೆ. ಸರ್ಕಾರ ಎಷ್ಟು ತಡ ಮಾಡ್ತು ಅಂತ ಹೇಳ್ತಿದ್ದೀನಿ, ಅಷ್ಟೇ.

ಈಗ ದುಡ್ಡಿನ ವಿಷಯ. ಪ್ರಾಜೆಕ್ಟ್ ಮಾಡೋರು ಇಲ್ಲಿ ಕಿವಿ ಕೊಡಿ. ಗ್ರ್ಯಾಂಟ್ ಅಂದ್ರೆ ಒಂದು ದಿನ ಮುಗಿಯುತ್ತೆ. 1985ರಲ್ಲಿ ನೀನಾಸಂ 'ತಿರುಗಾಟ' ಶುರುಮಾಡ್ತು. ವರ್ಷಕ್ಕೊಂದು ತಂಡ, ಎರಡು ಮೂರು ನಾಟಕ ಕಟ್ಟಿಕೊಂಡು ತಿಂಗಳುಗಟ್ಟಲೆ ಕರ್ನಾಟಕ ಸುತ್ತುತ್ತೆ. ಯಾರು ಕರೆಸ್ತಾರೆ? ಆಯಾ ಊರಿನ ಸಂಘ, ಕಾಲೇಜು, ಯುವಕರ ಗುಂಪು. ಚಂದಾ ಎತ್ತೋದು, ಟಿಕೆಟ್ ಮಾರೋದು, ಜಾಗ ಹೊಂದಿಸೋದು ಅವರೇ. ಹಾಗಾಗಿ ನಾಟಕ ಬರೋ ಮೊದಲೇ ಆ ಊರಲ್ಲಿ ಹತ್ತು ಜನ ಒಟ್ಟಿಗೆ ಜಗಳ ಆಡಿ, ರಾಜಿಯಾಗಿ, ಸೇರಿರ್ತಾರೆ. ನನ್ನ ಪ್ರಕಾರ ತಿರುಗಾಟದ ಅಸಲಿ ನಾಟಕ ಅದೇ.

ಇದೇನೂ ಸುಬ್ಬಣ್ಣನವರ ಹೊಸ ಆವಿಷ್ಕಾರ ಅಲ್ಲ. ಕರಾವಳಿ ಕಡೆಯ ಕೇಳುಗರಿಗೆ ಯಕ್ಷಗಾನದ ಲೆಕ್ಕ ಗೊತ್ತಿರುತ್ತೆ. ಒಂದು ಮನೆಯವರು ಹರಕೆ ಹೊತ್ತು ಮೇಳ ಕರೆಸಿದ್ರೆ ಅದು ಹರಕೆ ಆಟ. ಊರಿನವರೆಲ್ಲ ಕೈಲಾದಷ್ಟು ಹಾಕಿ ಕರೆಸಿದ್ರೆ ಅದು 'ಹತ್ತು ಸಮಸ್ತರ ಆಟ'. ಎಂಥ ಚಂದದ ಮಾತು ನೋಡಿ! ಇಂಗ್ಲಿಷಿನ ಕಮ್ಯೂನಿಟಿಗೆ ನಾವು ಡಿಕ್ಷನರಿ ಹುಡುಕ್ತಾ ಇದ್ವಿ, ಪದ ಕರಪತ್ರದ ಮೇಲೇ ಅಚ್ಚಾಗಿತ್ತು. ಇಲ್ಲಿ ನೀನು ಯಾರ ಮಗ ಅನ್ನೋದಕ್ಕಿಂತ ನೀನು ಏನು ಹಾಕಿದೆ ಅನ್ನೋದು ಮುಖ್ಯ. ದುಡ್ಡು, ತೆಂಗಿನಕಾಯಿ, ಚಪ್ಪರದ ಕೆಲಸ.

ಆದರೆ ತಡೀರಿ, ಹಳೇದೆಲ್ಲ ಚಿನ್ನ ಅಂತ ಮಾಡೋದು ಬೇಡ. ಆ ಹತ್ತು ಸಮಸ್ತರಲ್ಲಿ ಎಲ್ಲರೂ ಇದ್ರಾ? ಯಾರು ಚಾಪೆ ಮೇಲೆ ಕೂತ್ರು, ಯಾರು ಗದ್ದೆ ಅಂಚಿನಲ್ಲಿ ನಿಂತು ನೋಡಿದ್ರು? ಸಮಸ್ತರು ಅನ್ನೋ ಪದ ಎಷ್ಟೋ ಸಲ ಸಮಸ್ತರನ್ನು ಬಿಟ್ಟೇ ಬಂದಿದೆ. 'ಬೆಲ್ಚಿ' ಕೇಳಿದ ಪ್ರಶ್ನೆ ಇಲ್ಲಿಗೂ ಬರುತ್ತೆ. ಹೆಗ್ಗೋಡಿಗೂ ಬರುತ್ತೆ, ಅಡಿಕೆ ತೋಟ ಇದ್ದವರೇ ಮುಂದೆ ನಿಂತು ಕಟ್ಟಿದ ಸಂಸ್ಥೆ ಅದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೆ ಇಂಗ್ಲಿಷಲ್ಲಿ ಬಂದ ಅವರ ಬರಹಗಳ ಪುಸ್ತಕದ ಹೆಸರೇ 'ಕಮ್ಯೂನಿಟಿ ಆ್ಯಂಡ್ ಕಲ್ಚರ್'. ಕೊನೆವರೆಗೂ ಅವರನ್ನು ಬಿಡದೆ ಕಾಡಿದ ಪದ ಅದು. ಇನ್ನು ನಾವು ಒಂದು ಫಾರ್ಮಿನಲ್ಲಿ ಮುಗಿಸೋಕೆ ಹೊರಟಿದ್ವಿ.

ಫಾರ್ಮ್ ಡಿಲೀಟ್ ಮಾಡಿದ್ದೀವಿ. ಈಗ ಮನೆಮನೆಗೆ ಹೋಗಿ ಬೇರೆ ಪ್ರಶ್ನೆ ಕೇಳ್ತಿದ್ದೀವಿ: 'ಊರಿಗೆ ಹೋಗುವಾಗ ಮನೆ ಬೀಗದ ಕೈ ಯಾರಿಗೆ ಕೊಟ್ಟು ಹೋಗ್ತೀರಾ?' ಉತ್ತರ ವಿಚಿತ್ರವಾಗಿ ಬರ್ತಿದೆ. ಎದುರು ಮನೆ ಆಂಟಿ, ಇಸ್ತ್ರಿ ಅಂಗಡಿಯವರು, ಕೆಳಗಿನ ಮನೆ ಬಾಡಿಗೆ ಹುಡುಗರು. ಮೂವರು 'ಯಾರಿಗೂ ಇಲ್ಲ' ಅಂದ್ರು, ಅದನ್ನೂ ಬರ್ಕೊಂಡಿದ್ದೀವಿ. ನಾಟಕ ಈ ಬೀಗದ ಕೈಗಳ ಸುತ್ತ ಕಟ್ಟೋಣ ಅಂತಿದೆ.

ಹೂ ಮಾರೋ ಅಮ್ಮನ ಹತ್ರಾನೂ ಮತ್ತೆ ಹೋದ್ವಿ. ಅವರು ನಕ್ಕು, 'ನಂದೇನಿದೆ ಬೀಗ ಹಾಕೋಕೆ? ನೀವು ಕೊಡೋದಾದ್ರೆ ನನ್ನ ಹತ್ರ ಕೊಡ್ರಿ, ಬೆಳಗ್ಗೆ ಐದರಿಂದ ಇಲ್ಲೇ ಕೂತಿರ್ತೀನಿ' ಅಂದ್ರು. ನಮ್ಮ ಆರು ಜನರಲ್ಲಿ ಯಾರೂ ಇನ್ನೂ ಕೊಟ್ಟಿಲ್ಲ.